ವಂಶಾವಳಿ ತಾಣಕ್ಕೆ ದುಡ್ಡು ಕಟ್ಟುವ ಮೊದಲು ಲೈಬ್ರರಿಗೆ ಹೋಗಿ

ಪ್ರಶ್ನೆ: ನಾನು ಸಿರುಗುಪ್ಪ ಕಡೆಯವನು, ಬಳ್ಳಾರಿಯಲ್ಲಿ ಮೇಷ್ಟ್ರಾಗಿದ್ದೇನೆ. ನಮ್ಮ ಮುತ್ತಾತ ಮೊದಲನೇ ಮಹಾಯುದ್ಧದ ಹೊತ್ತಿಗೆ ಹಡಗು ಹತ್ತಿ ಬಸ್ರಾಕ್ಕೆ ಹೋಗಿ ಬಂದವರು ಅಂತ ಮನೆಯಲ್ಲಿ ಹೇಳುತ್ತಾರೆ. ಅವರದ್ದೊಂದು ಪದಕ ಅಜ್ಜಿಯ ಟ್ರಂಕಿನಲ್ಲಿದೆ. ಅಮ್ಮನ ತವರು ಕೊಪ್ಪಳ ತಾಲ್ಲೂಕಿನ ಒಂದು ಹಳ್ಳಿ. ಎರಡೂ ಕಡೆಯ ವಂಶಾವಳಿ ಬರೆದಿಡಬೇಕು ಅಂತ ಆಸೆ. ಇಂಟರ್ನೆಟ್ಟಿನಲ್ಲಿ ನೋಡಿದರೆ ದೊಡ್ಡ ತಾಣಗಳೆಲ್ಲ ಚಂದಾ ಕೇಳುತ್ತವೆ. ನನ್ನ ಸಂಬಳಕ್ಕೆ ಅದು ಭಾರ. ನ್ಯೂಜೆರ್ಸಿಯಲ್ಲಿರುವ ನಮ್ಮ ಅಕ್ಕ, ‘ಲೈಬ್ರರಿಗೆ ಹೋಗು, ಅಲ್ಲಿ ಪುಕ್ಕಟೆ ಸಿಗುತ್ತೆ’ ಅನ್ನುತ್ತಾಳೆ. ಬಳ್ಳಾರಿಯ ಲೈಬ್ರರಿಯಲ್ಲಿ ಇದು ಆಗುತ್ತಾ? ಎಲ್ಲಿಂದ ಶುರು ಮಾಡಲಿ?

ಉತ್ತರ: ಈಗಲೇ ಚಂದಾ ಕಟ್ಟಬೇಡಿ. ನಿಮ್ಮ ಅಕ್ಕ ಹೇಳಿದ್ದು ನಿಜ, ಆದರೆ ಅದು ಅವರ ಊರಿನ ಮಾತು. ಅಮೆರಿಕ, ಇಂಗ್ಲೆಂಡಿನಲ್ಲಿ ಎಷ್ಟೋ ಸಾರ್ವಜನಿಕ ಗ್ರಂಥಾಲಯಗಳು ‘ಆನ್ಸೆಸ್ಟ್ರಿ’, ‘ಫೈಂಡ್‌ಮೈಪಾಸ್ಟ್’, ‘ಮೈಹೆರಿಟೇಜ್’ ತರಹದ ತಾಣಗಳಿಗೆ ತಾವೇ ಚಂದಾ ಕಟ್ಟುತ್ತವೆ. ಊರವರು ಹೋಗಿ ಅಲ್ಲಿನ ಕಂಪ್ಯೂಟರಿನಲ್ಲಿ ಕೂತು ನೋಡಬಹುದು, ಕೈಯಿಂದ ಒಂದು ಕಾಸೂ ಬಿಚ್ಚಬೇಕಿಲ್ಲ. ನಮ್ಮ ಜಿಲ್ಲಾ ಗ್ರಂಥಾಲಯಗಳ ದುಡ್ಡು ಹೋಗುವುದು ಮುಖ್ಯವಾಗಿ ಪುಸ್ತಕ, ಪತ್ರಿಕೆ, ಪರೀಕ್ಷೆಗೆ ಓದುವ ಮಕ್ಕಳ ಸಾಮಗ್ರಿಗೆ. ವಂಶಾವಳಿ ತಾಣದ ಚಂದಾ ಇರುತ್ತದೆ ಅಂತ ನಂಬಿಕೊಂಡು ಹೋಗಬೇಡಿ. ಹಾಗಂತ ಬಳ್ಳಾರಿಯ ಲೈಬ್ರರಿಯಿಂದ ಉಪಯೋಗ ಇಲ್ಲ ಅಂತಲ್ಲ. ನಿಮ್ಮ ಕೆಲಸದ ಬಹುಪಾಲು ಅಲ್ಲೇ ಮುಗಿಯುತ್ತದೆ. ಉಳಿದ ಒಂದು ಚೂರಿಗೆ ಅಕ್ಕನ ಲೈಬ್ರರಿ ಕಾರ್ಡು ಬೇಕು. ಯಾವುದು ಎಲ್ಲಿ ಅಂತ ಬಿಡಿಸಿ ಹೇಳುತ್ತೇನೆ.

ಚಂದಾ ಬೇಡ ಅಂತ ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಕೆಲವು ವರ್ಷಗಳ ಹಿಂದೆ ನಾನೇ ಒಂದು ತಾಣದಲ್ಲಿ ‘ಎರಡು ವಾರ ಉಚಿತ’ ಅನ್ನುವುದನ್ನು ನೋಡಿ ಕಾರ್ಡಿನ ನಂಬರ್ ಕೊಟ್ಟೆ. ಮನೆಯಲ್ಲಿ ಮದುವೆ ಗಲಾಟೆ, ರದ್ದು ಮಾಡುವುದು ಮರೆತುಹೋಯಿತು. ಒಂದು ದಿನ ಬೆಳಿಗ್ಗೆ ಇಡೀ ವರ್ಷದ ಹಣ ಖಾತೆಯಿಂದ ಹೋಗಿತ್ತು. ಹೇಗೂ ದುಡ್ಡು ಹೋಯಿತಲ್ಲ ಅಂತ ವರ್ಷವಿಡೀ ಹುಡುಕಿದೆ. ನಮ್ಮ ಮನೆತನದ ಒಂದೇ ಒಂದು ಹೆಸರು ಸಿಗಲಿಲ್ಲ. ತಾಣದಲ್ಲಿ ದೋಷ ಇರಲಿಲ್ಲ. ನಮ್ಮಂಥವರ ಕಾಗದ ಅಲ್ಲಿ ಇರಲೇ ಇಲ್ಲ, ಅಷ್ಟೇ. ಅದನ್ನು ಮೊದಲೇ ಯಾರಾದರೂ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು ಅಂತ ಇವತ್ತಿಗೂ ಅನ್ನಿಸುತ್ತದೆ.

ದುಡ್ಡಿನ ತಾಣಗಳಲ್ಲಿ ಭಾರತದ ದಾಖಲೆ ಅಂತ ಇರುವುದು ಹೆಚ್ಚಾಗಿ ಬ್ರಿಟಿಷರು ತಮ್ಮವರ ಬಗ್ಗೆ ಬರೆದಿಟ್ಟದ್ದು. ಫೈಂಡ್‌ಮೈಪಾಸ್ಟ್‌ನಲ್ಲಿ ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ (ಅಲ್ಲಿಂದ ಭಾರತದ ಆಡಳಿತ ನೋಡುತ್ತಿದ್ದ ಕಚೇರಿ) ದಾಖಲೆಗಳ ದೊಡ್ಡ ಸಂಗ್ರಹ ಇದೆ. ಚರ್ಚಿನಲ್ಲಿ ಆದ ನಾಮಕರಣ, ಮದುವೆ, ಮಣ್ಣು ಮಾಡಿದ್ದು, ಉಯಿಲು, ಪಿಂಚಣಿ, ಇಂಥವು. ನಿಮ್ಮ ಪೂರ್ವಿಕರು ಯುರೋಪಿಯನ್ನರು, ಆಂಗ್ಲೋ ಇಂಡಿಯನ್ನರು ಅಥವಾ ಕ್ರೈಸ್ತರಾಗಿದ್ದರೆ ಅದು ಚಿನ್ನದ ಗಣಿ. ಬಳ್ಳಾರಿ ದಂಡು ಪ್ರದೇಶದ ಎಷ್ಟೋ ಕುಟುಂಬಗಳಿಗೆ ಅಲ್ಲಿ ನಾಲ್ಕೈದು ತಲೆಮಾರು ಸಿಗಬಹುದು. ಹೊಲ ಉಳುತ್ತಿದ್ದ, ಕುರಿ ಕಾಯುತ್ತಿದ್ದ, ಮಗ್ಗ ನೇಯುತ್ತಿದ್ದ ಮನೆಯವರ ಹೆಸರು ಚರ್ಚಿನ ಪುಸ್ತಕದಲ್ಲಿ ಎಲ್ಲಿಂದ ಬರಬೇಕು? ಅವರ ಹೆಸರು ಇರುವುದು ಕಂದಾಯದ ಪುಸ್ತಕದಲ್ಲಿ, ಇನಾಮಿನ ಪುಸ್ತಕದಲ್ಲಿ, ಮನೆಮನೆಗೆ ಬಂದು ವಂಶಾವಳಿ ಹೇಳುವ ಹೆಳವರ ಬಾಯಲ್ಲಿ. ಹಾಗಾಗಿ ಯಾವ ತಾಣ ಅಗ್ಗ ಅನ್ನುವುದಕ್ಕಿಂತ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ. ನಮ್ಮ ಹಿರಿಯರ ಹೆಸರನ್ನು ಯಾರು, ಯಾಕೆ, ಯಾವ ಭಾಷೆಯಲ್ಲಿ ಬರೆದರು?

ಲೈಬ್ರರಿಗಿಂತ ಮೊದಲು ಟ್ರಂಕಿನ ಹತ್ತಿರ ಹೋಗೋಣ. ಆ ಪದಕವನ್ನು ಕೈಗೆ ತಗೊಳ್ಳಿ. ಒಂದು ಕಡೆ ಐದನೇ ಜಾರ್ಜ್ ದೊರೆಯ ಮುಖ, ಇನ್ನೊಂದು ಕಡೆ ಕುದುರೆ ಮೇಲೆ ಕೂತ ಬರಿಮೈ ಗಂಡಸು, ಜೊತೆಗೆ 1914, 1918 ಅಂತ ಇದ್ದರೆ ಅದು ಬ್ರಿಟಿಷ್ ವಾರ್ ಮೆಡಲ್. ಎಲ್ಲರೂ ಆ ಎರಡು ಮುಖ ನೋಡಿ ಸುಮ್ಮನಾಗುತ್ತಾರೆ. ನೀವು ನೋಡಬೇಕಾದ್ದು ಅಂಚನ್ನು. ನಾಣ್ಯದ ದಪ್ಪ ಇರುತ್ತದಲ್ಲ, ಆ ಕಿರಿದಾದ ಪಟ್ಟಿಯ ಮೇಲೆ ಸಣ್ಣ ಇಂಗ್ಲಿಷ್ ಅಕ್ಷರಗಳನ್ನು ಒತ್ತಿರುತ್ತಾರೆ. ನಂಬರ್, ದರ್ಜೆ, ಹೆಸರು, ಯಾವ ಪಡೆ ಅನ್ನುವುದು ಅಲ್ಲಿರುತ್ತದೆ. ಕಿಟಕಿ ಹತ್ತಿರ ಬೆಳಕು ಓರೆಯಾಗಿ ಬೀಳುವ ಹಾಗೆ ಹಿಡಿದು, ಮೆಲ್ಲಗೆ ತಿರುಗಿಸುತ್ತಾ ನಾಲ್ಕೈದು ಫೋಟೋ ತೆಗೆಯಿರಿ. ಹೊಳೆಯಲಿ ಅಂತ ಹುಣಸೆಹಣ್ಣು, ಬೂದಿ ಹಾಕಿ ಮಾತ್ರ ತಿಕ್ಕಬೇಡಿ. ಅಕ್ಷರ ಸವೆದರೆ ಮತ್ತೆ ಬರುವುದಿಲ್ಲ.

ಪದಕ ಯಾವ ಲೋಹದ್ದು ಅಂತಲೂ ನೋಡಿ. ಬಂದೂಕು ಹಿಡಿದವರಿಗೆ ಕೊಟ್ಟದ್ದು ಬೆಳ್ಳಿಯದು. ಕಂಚಿನದ್ದು ಕೊಟ್ಟದ್ದು ಮುಖ್ಯವಾಗಿ ಕೂಲಿ ದಳಗಳವರಿಗೆ, ಅಂದರೆ ಹಡಗಿನಿಂದ ಮೂಟೆ ಇಳಿಸಿದವರು, ರಸ್ತೆ ಹಾಕಿದವರು, ಸಾಮಾನು ಹೊತ್ತವರಿಗೆ. ಮೆಸಪೊಟೇಮಿಯಾದಲ್ಲಿ, ಅಂದರೆ ಬಸ್ರಾ ಇರುವ ಈಗಿನ ಇರಾಕಿನಲ್ಲಿ, ಇಂಥ ದಳಗಳಲ್ಲಿ ನಮ್ಮ ದೇಶದ ಬಹಳ ಜನ ದುಡಿದರು. ಕಂಚಿನದು ಅಂತ ಬೇಜಾರು ಮಾಡಿಕೊಳ್ಳಬೇಡಿ. ಆ ಲೋಹವೇ ನಿಮ್ಮ ಮುತ್ತಾತ ಅಲ್ಲಿ ಏನು ಕೆಲಸ ಮಾಡಿದರು ಅಂತ ಹೇಳುತ್ತಿದೆ. ದುಡ್ಡು ಕೊಟ್ಟು ಕೊಂಡ ಯಾವ ಚಂದಾವೂ ಇಷ್ಟು ಖಚಿತವಾಗಿ ಹೇಳುವುದಿಲ್ಲ.

ಟ್ರಂಕಿನಲ್ಲೇ ಇನ್ನೂ ಏನಿದೆ ನೋಡಿ. ಹಳೆ ಪಟ್ಟಾ, ಕಂದಾಯದ ರಸೀದಿ, ಕ್ರಯಪತ್ರ, ಏನಾದರೂ ಸರಿ. ಅದರಲ್ಲಿ ‘ಫಸಲಿ 1325’ ಅಂತ ಬರೆದಿದ್ದರೆ ಗಾಬರಿ ಬೇಡ. ಏಳುನೂರು ವರ್ಷ ಹಳೆಯದು ಅಂತ ಖುಷಿ ಪಟ್ಟುಬಿಟ್ಟವರನ್ನೂ ನೋಡಿದ್ದೇನೆ. ಫಸಲಿ ಅನ್ನುವುದು ಕಂದಾಯದ ಲೆಕ್ಕಕ್ಕೆ ಇಟ್ಟುಕೊಂಡಿದ್ದ ವರ್ಷ. ಅದಕ್ಕೆ 590 ಕೂಡಿಸಿ. 1325 ಅಂದರೆ 1915. ಮದ್ರಾಸ್ ಕಡೆಯ ಫಸಲಿ ಜುಲೈಗೆ ಶುರುವಾಗಿ ಮುಂದಿನ ಜೂನ್‌ಗೆ ಮುಗಿಯುತ್ತಿತ್ತು, ಹಾಗಾಗಿ ಅದು 1915ರ ಜುಲೈಯಿಂದ 1916ರ ಜೂನ್‌ವರೆಗೆ. ಆ ವರ್ಷ ಮುತ್ತಾತನ ಹೆಸರಿನಲ್ಲಿ ಕಂದಾಯ ಕಟ್ಟಿದ್ದು ಅವರ ತಮ್ಮನೋ ಹೆಂಡತಿಯೋ ಆಗಿದ್ದರೆ ಅವರು ಊರಲ್ಲಿ ಇರಲಿಲ್ಲ ಅನ್ನುವುದಕ್ಕೆ ಅದೂ ಒಂದು ಸುಳಿವು.

ಈಗ ಲೈಬ್ರರಿಗೆ ಬರೋಣ. ನಿಮ್ಮ ಮನೆ ಕಂದಾಯದ ರಸೀದಿ ತೆಗೆದು ನೋಡಿ, ಗ್ರಂಥಾಲಯ ಕರ ಅಂತ ಒಂದು ಸಾಲು ಇರುತ್ತದೆ. ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂದದ್ದು 1965ರಲ್ಲಿ. ಅದರ ಪ್ರಕಾರ ಆಸ್ತಿ ತೆರಿಗೆಯ ಮೇಲೆ ನೂರಕ್ಕೆ ಆರರಂತೆ ಈ ಕರ ಸೇರುತ್ತದೆ. ಅಂದರೆ ನೀವು ಲೈಬ್ರರಿಗೆ ಆಗಲೇ ಚಂದಾ ಕಟ್ಟಿದ್ದೀರಿ. ಸಂಕೋಚ ಪಡದೆ ಒಳಗೆ ಹೋಗಿ. ಮೊದಲ ದಿನ ಮೂರು ವಿಷಯ ವಿಚಾರಿಸಿ. ಇಂಟರ್ನೆಟ್ ಇರುವ ಕಂಪ್ಯೂಟರಿಗೆ ಒಬ್ಬರಿಗೆ ಎಷ್ಟು ಹೊತ್ತು ಕೊಡುತ್ತಾರೆ, ಪೆನ್‌ಡ್ರೈವ್ ಹಾಕಲು ಬಿಡುತ್ತಾರಾ, ಜನ ಕಡಿಮೆ ಇರುವ ಹೊತ್ತು ಯಾವುದು. ಪರೀಕ್ಷೆ ಹತ್ತಿರ ಬಂದಾಗ ಓದುವ ಹುಡುಗರಿಂದ ಜಾಗ ತುಂಬಿರುತ್ತದೆ, ಆಗ ಹೋಗಿ ಅವರಿಗೆ ತೊಂದರೆ ಕೊಡುವುದು ಬೇಡ ಅಲ್ವಾ? ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲೂ ಕೇಳಿ. 2019ರಲ್ಲಿ ಹಳ್ಳಿ ಗ್ರಂಥಾಲಯಗಳು ಪಂಚಾಯತ್ ರಾಜ್ ಇಲಾಖೆಗೆ ಸೇರಿದ ಮೇಲೆ ಎಷ್ಟೋ ಕಡೆ ಕಂಪ್ಯೂಟರ್ ಬಂದಿವೆ.

ಅಲ್ಲಿ ಕೂತು ಮೊದಲು ತೆರೆಯಬೇಕಾದ್ದು ‘ಫ್ಯಾಮಿಲಿಸರ್ಚ್’. ಅಮೆರಿಕದ ಯೂಟಾ ರಾಜ್ಯದ ಒಂದು ಕ್ರೈಸ್ತ ಪಂಗಡ ನಡೆಸುವ ತಾಣ ಇದು. ಪೂರ್ವಿಕರ ಹೆಸರು ಹುಡುಕುವುದು ಅವರಿಗೆ ಧರ್ಮದ ಕೆಲಸ, ಹಾಗಾಗಿ 1938ರಿಂದ ಲೋಕದ ಎಲ್ಲ ಕಡೆಯ ದಾಖಲೆಗಳನ್ನು ಮೈಕ್ರೋಫಿಲ್ಮ್ (ಪುಟ್ಟ ಫಿಲ್ಮಿನ ಮೇಲೆ ಫೋಟೋ) ಮಾಡುತ್ತಾ ಬಂದರು. ಈಗ ಅವೆಲ್ಲ ಕಂಪ್ಯೂಟರಿಗೆ ಬಂದಿವೆ. ಖಾತೆ ತೆರೆಯಲು ದುಡ್ಡಿಲ್ಲ, ಕಾರ್ಡ್ ನಂಬರ್ ಕೇಳುವುದಿಲ್ಲ. ಹರಿದ್ವಾರದ ಪಂಡಾಗಳು ಯಾತ್ರಿಕರ ಮನೆತನದ ಹೆಸರು ಬರೆದಿಟ್ಟ ಬಹಿಗಳ, ಅಂದರೆ ಉದ್ದನೆಯ ದಾಖಲೆ ಪುಸ್ತಕಗಳ, ಚಿತ್ರಗಳೂ ಅಲ್ಲಿವೆ, ಮದ್ರಾಸ್ ಡಯಾಸಿಸ್‌ನ ಚರ್ಚ್ ಪುಸ್ತಕಗಳೂ ಇವೆ.

ಇದರಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ. ನೇರವಾಗಿ ಹೆಸರು ಹಾಕಿ ಹುಡುಕುತ್ತಾರೆ, ಬರಲಿಲ್ಲ ಅಂತ ಎದ್ದು ಹೋಗುತ್ತಾರೆ. ಭಾರತದ ದಾಖಲೆಗಳಲ್ಲಿ ಬಹಳಷ್ಟು ಬರೀ ಚಿತ್ರಗಳು, ಹೆಸರಿನ ಪಟ್ಟಿ ಇನ್ನೂ ಆಗಿಲ್ಲ. ಹಾಗಾಗಿ ಕ್ಯಾಟಲಾಗ್ ವಿಭಾಗಕ್ಕೆ ಹೋಗಿ ಊರಿನ ಹೆಸರು, ಜಿಲ್ಲೆಯ ಹೆಸರು ಹಾಕಿ. ಬಂದ ಪಟ್ಟಿಯಲ್ಲಿ ಒಂದೊಂದನ್ನೂ ತೆರೆದು ಹಾಳೆ ತಿರುಗಿಸಬೇಕು, ಹಳೆ ಪುಸ್ತಕ ತಿರುಗಿಸಿದ ಹಾಗೆಯೇ. ಕೆಲವು ಕಡೆ ಕ್ಯಾಮೆರಾ ಗುರುತಿನ ಮೇಲೆ ಪುಟ್ಟ ಕೀಲಿಕೈ ಕಾಣುತ್ತದೆ. ಅಂಥವು ಮನೆಯಲ್ಲಿ ತೆರೆಯುವುದಿಲ್ಲ, ಫ್ಯಾಮಿಲಿಸರ್ಚ್ ಕೇಂದ್ರದಲ್ಲೋ ಅದರ ಜೊತೆ ಒಪ್ಪಂದ ಇರುವ ಗ್ರಂಥಾಲಯದಲ್ಲೋ ಮಾತ್ರ ತೆರೆಯುತ್ತವೆ. ಅವುಗಳ ನಂಬರ್ ಬರೆದಿಟ್ಟುಕೊಳ್ಳಿ, ಅಕ್ಕನಿಗೆ ಬೇಕಾಗುತ್ತದೆ.

ಹೆಸರು ಹಾಕಿ ಹುಡುಕುವಾಗಲೂ ಒಂದು ಉಪಾಯ ಇದೆ. ಆಗಿನ ಗುಮಾಸ್ತರು ಕಿವಿಗೆ ಬಿದ್ದ ಹಾಗೆ ಬರೆದರು. ಬಸಪ್ಪ ಅನ್ನುವುದಕ್ಕೆ ಒಬ್ಬ ಎರಡು ‘ಎಸ್’ ಹಾಕಿದ, ಒಬ್ಬ ಒಂದೇ ‘ಪಿ’ ಹಾಕಿದ, ಇನ್ನೊಬ್ಬ ಕೊನೆಗೆ ‘ಎಚ್’ ಸೇರಿಸಿದ, ಮತ್ತೊಬ್ಬ ‘ಬಿ’ ಆದ ಮೇಲೆ ‘ಯು’ ಬರೆದ. ಇದಕ್ಕೆ ಮದ್ದು ನಕ್ಷತ್ರದ ಗುರುತು. ‘ಬಿ’ ಬರೆದು ನಕ್ಷತ್ರ, ಆಮೇಲೆ ‘ಪಿ’, ಮತ್ತೆ ನಕ್ಷತ್ರ ಹಾಕಿದರೆ ಈ ಎಲ್ಲ ರೂಪಗಳೂ ಒಟ್ಟಿಗೆ ಬರುತ್ತವೆ. ಒಂದೇ ಅಕ್ಷರದ ಅನುಮಾನವಿದ್ದರೆ ಆ ಜಾಗದಲ್ಲಿ ಪ್ರಶ್ನೆ ಚಿಹ್ನೆ ಸಾಕು. ಊರಿನ ಹೆಸರಿಗೂ ಹೀಗೇ ಮಾಡಿ. ಮನೆತನದ ಅಡ್ಡಹೆಸರು ಹಾಕಲು ಹೋಗಬೇಡಿ. ನಮ್ಮ ಕಡೆ ಆಗಿನ ಕಾಗದದಲ್ಲಿ ಸಾಮಾನ್ಯವಾಗಿ ಇರುವುದು ಸ್ವಂತ ಹೆಸರು, ತಂದೆ ಹೆಸರು, ಊರು, ಜಾತಿ. ಅಡ್ಡಹೆಸರು ಬರೆಯದೆ ಬಿಟ್ಟದ್ದೇ ಜಾಸ್ತಿ.

ಮುತ್ತಾತನ ವಿಷಯಕ್ಕೆ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ತಾಣವನ್ನೂ ನೋಡಿ. ಯುದ್ಧದಲ್ಲಿ ತೀರಿಕೊಂಡವರ ಹೆಸರು ಅಲ್ಲಿ ಉಚಿತವಾಗಿ ಸಿಗುತ್ತದೆ, ಬಸ್ರಾ ಸ್ಮಾರಕದ ಪಟ್ಟಿಯೂ ಅದರಲ್ಲಿದೆ. ನಿಮ್ಮ ಮುತ್ತಾತ ವಾಪಸ್ ಬಂದವರು, ಅವರ ಹೆಸರು ಅಲ್ಲಿ ಇರಬಾರದು. ಆದರೆ ಅವರ ಜೊತೆ ಹೋದ ಅಣ್ಣತಮ್ಮಂದಿರು, ಊರವರು ಇರಬಹುದು. ಅದೇ ಪಡೆಯ ಹೆಸರು ಹಾಕಿ ನೋಡಿದರೆ ಆ ಪಡೆ ಯಾವ ವರ್ಷ ಅಲ್ಲಿತ್ತು ಅಂತಲಾದರೂ ತಿಳಿಯುತ್ತದೆ. ಪದಕದ ಅಂಚಿನಲ್ಲಿ ಸ್ಯಾಪರ್ಸ್ ಅಂಡ್ ಮೈನರ್ಸ್ (ಸೈನ್ಯಕ್ಕೆ ರಸ್ತೆ, ಸೇತುವೆ ಕಟ್ಟುವ ಪಡೆ) ಅಂತ ಇದ್ದು, ಅದು ಮದ್ರಾಸಿನದಾದರೆ, ಆ ಪಡೆಯೇ ಈಗ ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್. ಅಲ್ಲಿನ ದಾಖಲೆ ಕಚೇರಿಗೆ ನಂಬರ್ ಸಮೇತ ಪತ್ರ ಬರೆಯಬಹುದು. ಅಂದಹಾಗೆ, ಅವರು ಅತ್ತ ಹೋದ ಕಾಲದಲ್ಲೇ ಸೆರೆಸಿಕ್ಕ ತುರ್ಕಿ ಸೈನಿಕರನ್ನು ಇತ್ತ ನಮ್ಮ ಬಳ್ಳಾರಿಗೆ ತಂದು ಇಟ್ಟಿದ್ದರು. ಮಕ್ಕಳಿಗೆ ಪಾಠ ಮಾಡುವಾಗ ಇದನ್ನೂ ಹೇಳಿ.

ಈಗ ಬಹಳ ಮುಖ್ಯವಾದ ಮಾತು. ಬಳ್ಳಾರಿ ಅಂತ ಹಾಕಿ ಕರ್ನಾಟಕದಲ್ಲಿ ಹುಡುಕಿದರೆ ಅರ್ಧ ದಾಖಲೆ ಕಾಣುವುದೇ ಇಲ್ಲ. 1800ರಲ್ಲಿ ನಿಜಾಮ ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಅಲ್ಲಿಂದ ನಾವು ಮದ್ರಾಸಿಗೆ ಸೇರಿದವರು. ಮೈಸೂರಿಗೆ ಬಂದದ್ದು 1953ರ ಅಕ್ಟೋಬರ್ 1ರಂದು. ಆಗ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಅದಕ್ಕೂ ಹಿಂದೆ, 1882ರವರೆಗೆ, ಅನಂತಪುರವೂ ಬಳ್ಳಾರಿ ಜಿಲ್ಲೆಯ ಒಳಗೇ ಇತ್ತು. ಸಂಡೂರು ಬೇರೆಯೇ ಸಂಸ್ಥಾನ, 1949ರವರೆಗೆ ಘೋರ್ಪಡೆ ಮನೆತನದವರದು. ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆಗೆ ಹೋಗಿ, ಮತ್ತೆ ಬಳ್ಳಾರಿಗೆ ಬಂದು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಊರು ಇದ್ದಲ್ಲೇ ಇದೆ, ಅದರ ಕಾಗದ ಮಾತ್ರ ಓಡಾಡಿದೆ. ಹಾಗಾಗಿ ಕ್ಯಾಟಲಾಗಿನಲ್ಲಿ ಮದ್ರಾಸ್, ತಮಿಳುನಾಡು, ಆಂಧ್ರ ಅನ್ನುವ ತಲೆಬರಹದ ಕೆಳಗೂ ನೋಡಿ. ಬಳ್ಳಾರಿ ಅನ್ನುವ ಹೆಸರಿನ ಇಂಗ್ಲಿಷ್ ಕಾಗುಣಿತ ಹಳೆಯದೇ (Bellary) ಇರಲಿ, ನಾವು 2014ರಲ್ಲಿ ಬದಲಿಸಿಕೊಂಡ ಹೊಸ ಕಾಗುಣಿತದಿಂದ ಹಳೆ ಕಡತ ಸಿಗುವುದಿಲ್ಲ.

ಅಸಲಿ ಕಡತಗಳು ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರದಲ್ಲಿವೆ. ಅದರಲ್ಲಿ ನಿಮಗೆ ಬೇಕಾಗಬಹುದಾದ್ದು ಇನಾಮು ರಿಜಿಸ್ಟರು. 1858ರಿಂದ ಮುಂದೆ ಇನಾಮು ಕಮಿಷನ್‌ನವರು ಹಳ್ಳಿಹಳ್ಳಿಯ ಇನಾಮು ಭೂಮಿಯ ವಿಚಾರಣೆ ಮಾಡಿದರು. ಯಾರಿಗೆ ಕೊಟ್ಟದ್ದು, ಯಾವ ಸೇವೆಗೆ ಕೊಟ್ಟದ್ದು, ಈಗ ಯಾರು ಅನುಭವಿಸುತ್ತಿದ್ದಾರೆ ಅಂತ ಬರೆಸಿಕೊಂಡರು. ನಿಮ್ಮ ಮನೆಯವರಿಗೆ ಕರಣಿಕೆ, ಗೌಡಿಕೆ, ತಳವಾರಿಕೆ, ಪೂಜಾರಿಕೆ ಏನಾದರೂ ಇತ್ತಾ ಅಂತ ಹಿರಿಯರನ್ನು ಕೇಳಿ. ಇತ್ತು ಅಂದರೆ ಒಮ್ಮೆ ಚೆನ್ನೈಗೆ ರೈಲು ಹತ್ತಿದ ಖರ್ಚು ಯಾವ ಚಂದಾಕ್ಕಿಂತಲೂ ಸಾರ್ಥಕ. ಹೋಗುವ ಮೊದಲು ಲೈಬ್ರರಿಯಲ್ಲೇ ಕೂತು ಹಳೆ ಪುಸ್ತಕಗಳ ತಾಣವಾದ ಇಂಟರ್ನೆಟ್ ಆರ್ಕೈವ್‌ನಲ್ಲಿ 1872ರ ಬಳ್ಳಾರಿ ಮ್ಯಾನುಯಲ್, 1904ರ ಜಿಲ್ಲಾ ಗೆಜೆಟಿಯರ್ ಇಳಿಸಿಕೊಳ್ಳಿ, ಎರಡೂ ಉಚಿತ. ಹೆಸರುಗಳ ಪಟ್ಟಿ ಅಲ್ಲಿರುವುದಿಲ್ಲ. ಆದರೆ ನಿಮ್ಮ ಊರು ಆಗ ಯಾವ ತಾಲ್ಲೂಕಿನಲ್ಲಿತ್ತು, 1876ರಿಂದ 78ರವರೆಗಿನ ದೊಡ್ಡ ಬರದಲ್ಲಿ ಈ ಸೀಮೆಗೆ ಏನಾಯಿತು ಅನ್ನುವುದು ತಿಳಿಯುತ್ತದೆ. ಎಷ್ಟೋ ಮನೆತನಗಳ ಕಥೆ ಆ ಬರದ ಹತ್ತಿರ ಬಂದು ತುಂಡಾಗುತ್ತದೆ. ‘ಇದಕ್ಕೆ ಹಿಂದೆ ಗೊತ್ತಿಲ್ಲ’ ಅಂತ ಅಜ್ಜಿ ಹೇಳಿದ್ದರೆ ಕಾರಣ ಅದೇ ಇರಬಹುದು. ದಿಲ್ಲಿಯ ರಾಷ್ಟ್ರೀಯ ಪತ್ರಾಗಾರದ ‘ಅಭಿಲೇಖ್ ಪಟಲ್’ ತಾಣವೂ ಉಚಿತ. ಅದು ಸರ್ಕಾರದ ಪತ್ರವ್ಯವಹಾರ, ರೈತರ ಹೆಸರಿಗಿಂತ ನೌಕರರ ಹೆಸರು ಸಿಗುವ ಜಾಗ.

ಇನ್ನು ಅಕ್ಕನ ಪಾಲಿನ ಕೆಲಸ. ಅವರ ಊರಿನ ಪಬ್ಲಿಕ್ ಲೈಬ್ರರಿಯ ಕಾರ್ಡು ಅಲ್ಲಿ ವಾಸ ಇರುವವರಿಗೆ ಸಾಮಾನ್ಯವಾಗಿ ಉಚಿತ. ಲೈಬ್ರರಿಯ ವೆಬ್‌ಸೈಟಿನಲ್ಲಿ ಡೇಟಾಬೇಸ್‌ಗಳ ಪಟ್ಟಿ ಇರುತ್ತದೆ, ಅದರಲ್ಲಿ ಫೈಂಡ್‌ಮೈಪಾಸ್ಟ್ ಇದೆಯಾ ಅಂತ ಮೊದಲು ನೋಡಲಿ. ಭಾರತದ ಮಟ್ಟಿಗೆ ಅದೇ ಹೆಚ್ಚು ಉಪಯೋಗ. ಆನ್ಸೆಸ್ಟ್ರಿಯ ಲೈಬ್ರರಿ ಆವೃತ್ತಿ ಇದ್ದರೆ ಅದು ಸಾಮಾನ್ಯವಾಗಿ ಲೈಬ್ರರಿಯ ಕಟ್ಟಡದೊಳಗೆ ಮಾತ್ರ ತೆರೆಯುತ್ತದೆ, ಮನೆಯಲ್ಲಿ ಕೂತು ಆಗುವುದಿಲ್ಲ. ಅದರಲ್ಲಿ ಸ್ವಂತ ವಂಶವೃಕ್ಷ ಕಟ್ಟಲು ಬರುವುದಿಲ್ಲ, ದಾಖಲೆ ನೋಡಿ ಇಮೇಲ್‌ಗೆ ಕಳಿಸಿಕೊಳ್ಳಬಹುದು. ನಮಗೆ ಬೇಕಾದ್ದೂ ಅಷ್ಟೇ ತಾನೆ?

ಅದಕ್ಕಿಂತ ಒಳ್ಳೆಯ ದಾರಿ ಅಕ್ಕನ ಮನೆಗೆ ಹತ್ತಿರದ ಫ್ಯಾಮಿಲಿಸರ್ಚ್ ಕೇಂದ್ರ. ತಾಣದಲ್ಲೇ ಕೇಂದ್ರಗಳ ನಕ್ಷೆ ಇದೆ, ಊರಿನ ಹೆಸರು ಹಾಕಿದರೆ ತೋರಿಸುತ್ತದೆ. ಈ ಕೇಂದ್ರಗಳಲ್ಲಿ ಹಲವು ದುಡ್ಡಿನ ತಾಣಗಳನ್ನು ಪುಕ್ಕಟೆ ನೋಡಲು ಬಿಡುತ್ತಾರೆ. ಕೀಲಿಕೈ ಗುರುತಿನ ಚಿತ್ರಗಳೂ ತೆರೆಯುತ್ತವೆ. ಯಾವ ಧರ್ಮದವರಾದರೂ ಹೋಗಬಹುದು.

ಅಕ್ಕನಿಗೆ ಸುಮ್ನೆ ‘ಮುತ್ತಾತನ್ನ ಹುಡುಕು’ ಅಂತ ಹೇಳಿದರೆ ಕೆಲಸ ಆಗುವುದಿಲ್ಲ. ಒಂದು ಹಾಳೆಯಲ್ಲಿ ಬರೆದು ಫೋಟೋ ಕಳಿಸಿ. ಪದಕದ ಅಂಚಿನಲ್ಲಿ ಇದ್ದದ್ದು ಇದ್ದ ಹಾಗೆ, ಹೆಸರಿನ ನಾಲ್ಕೈದು ಕಾಗುಣಿತ, ಊರು, ಆಗಿನ ತಾಲ್ಲೂಕು, ಅಂದಾಜು ವರ್ಷ, ಕೀಲಿಕೈ ಚಿತ್ರಗಳ ನಂಬರ್. ಇಷ್ಟಿದ್ದರೆ ಒಂದು ಶನಿವಾರದ ಎರಡು ಗಂಟೆಯಲ್ಲಿ ಮುಗಿಯುತ್ತದೆ. ಏನೂ ಸಿಗಲಿಲ್ಲ ಅಂದರೂ ಎಲ್ಲೆಲ್ಲಿ ನೋಡಿದರು ಅಂತ ಬರೆದು ಕಳಿಸಲಿ, ಮತ್ತೆ ಅದನ್ನೇ ನೋಡುವ ಶ್ರಮ ತಪ್ಪುತ್ತದೆ.

ನಮ್ಮ ಲೈಬ್ರರಿಯನ್ನೇ ಇದಕ್ಕೆ ಸೇರಿಸಬಾರದಾ ಅಂತ ನೀವು ಕೇಳಬಹುದು. ಸೇರಿಸಬಹುದು! ಫ್ಯಾಮಿಲಿಸರ್ಚ್ ಜೊತೆ ಒಪ್ಪಂದ ಮಾಡಿಕೊಳ್ಳಲು ಗ್ರಂಥಾಲಯ ಏನೂ ಶುಲ್ಕ ಕಟ್ಟಬೇಕಿಲ್ಲ. ದುಡ್ಡಿನ ತಾಣಗಳು ಅದರಿಂದ ಸಿಗುವುದಿಲ್ಲ, ಆದರೆ ಕೀಲಿಕೈ ಚಿತ್ರಗಳಲ್ಲಿ ಬಹಳಷ್ಟು ಬಳ್ಳಾರಿಯಲ್ಲೇ ತೆರೆಯುತ್ತವೆ. ನೀವು ಮೇಷ್ಟ್ರು, ನಿಮ್ಮ ಮಾತಿಗೆ ತೂಕ ಇದೆ. ನಾಲ್ಕು ಜನ ಓದುಗರ ಸಹಿ ಹಾಕಿಸಿ ಗ್ರಂಥಾಲಯಾಧಿಕಾರಿಗೆ ಒಂದು ಅರ್ಜಿ ಕೊಡಿ. ರಾಯಚೂರು, ಕೊಪ್ಪಳದಲ್ಲೂ ಯಾರಾದರೂ ಕೊಡಲಿ. ಇಂಥ ಚಿತ್ರ ನೋಡಲು ಬೆಂಗಳೂರಿನಂಥ ದೂರದ ಊರಿಗೆ ಹೋಗಬೇಕಾದರೆ, ಒಂದು ರಾತ್ರಿ ಬಸ್ಸಿನಲ್ಲಿ ಹೋಗಿಬರುವ ಖರ್ಚೂ ನಮ್ಮ ಕಡೆಯ ಎಷ್ಟೋ ಜನಕ್ಕೆ ಜಾಸ್ತಿಯೇ.

ಒಂದು ಎಚ್ಚರಿಕೆ. ಲೈಬ್ರರಿ ಕಂಪ್ಯೂಟರಿನಲ್ಲಿ ಪಾಸ್‌ವರ್ಡ್ ಉಳಿಸಬೇಡಿ, ಎದ್ದು ಬರುವಾಗ ಲಾಗ್‌ಔಟ್ ಮಾಡಿ. ಬದುಕಿರುವವರ ಹುಟ್ಟಿದ ದಿನ, ಆಧಾರ್, ಫೋನ್ ನಂಬರ್ ಯಾವ ತಾಣಕ್ಕೂ ಏರಿಸಬೇಡಿ. ಇನ್ನೊಂದು, ನಾಡಕಚೇರಿಯಲ್ಲಿ ಕೊಡುವ ವಂಶವೃಕ್ಷ ಪ್ರಮಾಣಪತ್ರ ಬೇರೆ, ನೀವು ಬರೆಯುತ್ತಿರುವ ವಂಶಾವಳಿ ಬೇರೆ. ಖಾತೆ ಬದಲಾವಣೆಗೆ ನೀವು ಬರೆದದ್ದು ನಡೆಯುವುದಿಲ್ಲ. ಅಣ್ಣತಮ್ಮಂದಿರಿಗೆ ಅದನ್ನು ಮೊದಲೇ ಹೇಳಿಬಿಡಿ, ಆಸ್ತಿಗಾಗಿ ಮಾಡುತ್ತಿದ್ದಾನೆ ಅನ್ನುವ ಅನುಮಾನ ಬಂದರೆ ಯಾರೂ ಬಾಯಿ ಬಿಡುವುದಿಲ್ಲ.

ಅಮ್ಮನ ಕಡೆಯದನ್ನು ಕೊನೆಗೆ ಇಟ್ಟುಕೊಂಡೆ, ಯಾಕೆಂದರೆ ಅದರ ದಾರಿಯೇ ಬೇರೆ. ತುಂಗಭದ್ರೆಯ ಈ ದಡ ಮದ್ರಾಸ್ ಆದರೆ ಆ ದಡ ನಿಜಾಮನ ಹೈದರಾಬಾದ್. ರಾಯಚೂರು, ಕೊಪ್ಪಳ ಮೈಸೂರಿಗೆ ಸೇರಿದ್ದು 1956ರ ನವೆಂಬರ್ 1ಕ್ಕೆ. ಕೊಪ್ಪಳ ಸೀಮೆ ಸಾಲಾರ್ ಜಂಗ್ ನವಾಬರ ಜಹಗೀರಾಗಿತ್ತು, ಜಹಗೀರುಗಳು ರದ್ದಾದದ್ದು 1949ರಲ್ಲಿ. ಅಲ್ಲಿಯವರೆಗೆ ಕಂದಾಯದ ಲೆಕ್ಕ ಇಟ್ಟದ್ದು ಜಹಗೀರಿನ ಕಚೇರಿ. ಹಳೆಯ ಕಾಗದ ಫಾರ್ಸಿ, ಆಮೇಲಿನದು ಉರ್ದು. ಕೊಪ್ಪಳ ಆಗ ರಾಯಚೂರು ಜಿಲ್ಲೆಯ ಒಳಗಿತ್ತು, ಹಾಗಾಗಿ ಹುಡುಕುವಾಗ ರಾಯಚೂರು ಅಂತಲೇ ಹಾಕಿ. ನಿಜಾಮನ ಕಾಲದ ದಾಖಲೆಗಳ ಮನೆ ಹೈದರಾಬಾದಿನ ತಾರ್ನಾಕದ ತೆಲಂಗಾಣ ಪತ್ರಾಗಾರ. ಮನೆಯಲ್ಲಿ ಉರ್ದು ಕಾಗದ ಇದ್ದರೆ ಓದಲು ಬರುವುದಿಲ್ಲ ಅಂತ ಎಸೆಯಬೇಡಿ. ಬಳ್ಳಾರಿಯಲ್ಲೇ ಉರ್ದು ಬಲ್ಲ ಹಿರಿಯ ಮೇಷ್ಟ್ರುಗಳು ಇದ್ದಾರೆ, ಒಂದು ಸಂಜೆ ಚಹಾಕ್ಕೆ ಕರೆದರೆ ಓದಿ ಹೇಳುತ್ತಾರೆ.

ಆದರೆ ಆ ಸೀಮೆಗೆ ಕಂಪ್ಯೂಟರಿಗಿಂತ ದೊಡ್ಡ ಆಸರೆ ಹೆಳವರು. ತಲೆಮಾರುಗಳಿಂದ ಒಕ್ಕಲು ಮನೆಗಳ ವಂಶಾವಳಿ ಹೇಳುವುದೇ ಅವರ ಕಾಯಕ. ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತಾ ಬಾಗಿಲಿಗೆ ಬಂದು, ಮೂಲಪುರುಷ ಯಾರು, ಯಾವ ಊರಿನಿಂದ ಎದ್ದು ಬಂದರು, ಯಾರಿಗೆ ಎಷ್ಟು ಮಕ್ಕಳು ಅಂತ ಒಂದೇ ಉಸಿರಿಗೆ ಹೇಳುತ್ತಾರೆ. ಹೊಸದಾಗಿ ಹುಟ್ಟಿದ ಮಕ್ಕಳ ಹೆಸರು ಬರೆದುಕೊಂಡು, ಕಾಳುಕಡಿ ಕೊಟ್ಟದ್ದು ತಗೊಂಡು ಹೋಗುತ್ತಾರೆ. ಒಂದೊಂದು ಹೆಳವರ ಮನೆಗೆ ಇಂತಿಂಥ ಊರು, ಇಂತಿಂಥ ಮನೆತನ ಅಂತ ಹಂಚಿಕೆ ಇರುತ್ತದೆ. ಅವರ ಹತ್ತಿರ ಹಳೆಯ ಬರಹದ ಪುಸ್ತಕಗಳೂ ಇರುತ್ತವೆ. ಈಗ ಅವರ ಮಕ್ಕಳು ಬೇರೆ ಕೆಲಸ ಹಿಡಿದಿದ್ದಾರೆ, ಬರುವುದು ಕಡಿಮೆಯಾಗಿದೆ. ಅಮ್ಮನ ತವರಿನಲ್ಲಿ ಸೋದರಮಾವನಿಗೆ ಇವತ್ತೇ ಫೋನ್ ಮಾಡಿ. ನಮ್ಮ ಮನೆಗೆ ಬರುವ ಹೆಳವರು ಯಾವ ಊರವರು, ಕೊನೆಗೆ ಬಂದದ್ದು ಯಾವ ಸುಗ್ಗಿಗೆ ಅಂತ ಕೇಳಿ. ಮತ್ತೆ ಬಂದಾಗ, ಅವರಿಗೆ ಒಂದು ಹೊತ್ತು ಊಟ ಹಾಕಿ ಕೂರಿಸಿಕೊಂಡು ನಿಮಗೆ ಸುದ್ದಿ ಮುಟ್ಟಿಸಲಿ. ನೀವು ಅಲ್ಲಿಗೆ ಹೋದಾಗ ಫೋನಿನಲ್ಲಿ ರೆಕಾರ್ಡ್ ಮಾಡಲು ಅವರ ಅಪ್ಪಣೆ ಕೇಳಿ, ಅವರಿಗೆ ಸಲ್ಲಬೇಕಾದ ಕಾಣಿಕೆಯನ್ನು ಕೈತುಂಬ ಕೊಡಿ. ಚಂದಾಕ್ಕೆ ಅಂತ ತೆಗೆದಿಟ್ಟ ದುಡ್ಡು ಇದ್ದರೆ ಅದನ್ನೇ ಕೊಡಿ.